ನೀರಿಗೆ ನ್ಯಾಯ ಗೊತ್ತೇ?

ದೊಡ್ಡ ಮೀನು ಸಣ್ಣ ಮೀನನ್ನು ನುಂಗುವುದು ಪ್ರಕೃತಿಯ ನಿಯಮ, ಅದಕ್ಕೆ ಯಾರೇನು ಮಾಡಲಾದೀತು? ಈ ಮಾತನ್ನು ನಾವು ಮಾರುಕಟ್ಟೆಯಲ್ಲಿ, ರಾಜಕೀಯದಲ್ಲಿ, ಕೆಲವೊಮ್ಮೆ ಮನೆಯೊಳಗೂ ಕೇಳುತ್ತೇವೆ. ಹಿಂದಿನವರು ಇದನ್ನು ಮತ್ಸ್ಯನ್ಯಾಯವೆಂದು ಕರೆದರು. ಹಾಗೆ ಕರೆದದ್ದು ಹೊಗಳಲಿಕ್ಕಲ್ಲ, ಅರಾಜಕತೆಯ ಬಗ್ಗೆ ಎಚ್ಚರಿಸಲಿಕ್ಕೆ. ಇಂದು ಅದೇ ಮಾತು ಸಮರ್ಥನೆಯಾಗಿಬಿಟ್ಟಿದೆ. ವಿಜ್ಞಾನವೂ ಇದನ್ನೇ ಹೇಳುತ್ತದೆಯೇ?

ಹಾಗೆ ಹೇಳುವಂತೆ ಕಾಣುವ ಒಂದು ಉದಾಹರಣೆ ಗರ್ಭದೊಳಗೇ ಇದೆ. ಸಸ್ತನಿಗಳ ಭ್ರೂಣ ಮೊದಮೊದಲು ಜೀವಕೋಶಗಳ ಒಂದು ಗಟ್ಟಿ ಉಂಡೆ. ಮನುಷ್ಯರಲ್ಲಿ ಸುಮಾರು 5ನೆಯ ದಿನದ ಹೊತ್ತಿಗೆ ಅದರೊಳಗೆ ದ್ರವ ತುಂಬಿದ ಪೊಳ್ಳು ಏರ್ಪಡುತ್ತದೆ. ಅದು ಏರ್ಪಡುವ ಬಗೆಯನ್ನು ಪ್ಯಾರಿಸ್‌ನ ಕ್ಯೂರಿ ಸಂಸ್ಥೆಯ ಜಾಂ-ಲಿಯಾಂ ಮೇತ್ರ್ ಅವರ ತಂಡ ಇಲಿಯ ಭ್ರೂಣದಲ್ಲಿ ಗಮನಿಸಿ 2019ರಲ್ಲಿ ಪ್ರಕಟಿಸಿತು. ಹೊರಗಿನ ಕೋಶಗಳು ಉಪ್ಪಿನಂಶವನ್ನು ಒಳಕ್ಕೆ ತಳ್ಳುತ್ತವೆ. ಉಪ್ಪು ಹೆಚ್ಚಿರುವಲ್ಲಿಗೆ ನೀರು ಹರಿದುಬರುತ್ತದೆ. ಆ ನೀರಿನ ಒತ್ತಡಕ್ಕೆ ಕೋಶಗಳ ನಡುವಿನ ಬೆಸುಗೆ ಅಲ್ಲಲ್ಲಿ ಬಿರಿದು, ಕಣ್ಣಿಗೆ ಕಾಣದಷ್ಟು ಚಿಕ್ಕದಾದ ನೂರಾರು ನೀರಗುಳ್ಳೆಗಳು ಏಳುತ್ತವೆ. ಸಣ್ಣ ಗುಳ್ಳೆಯಲ್ಲಿ ಒತ್ತಡ ಹೆಚ್ಚು, ದೊಡ್ಡದರಲ್ಲಿ ಕಡಿಮೆ. ಇದು ಯಂಗ್ ಮತ್ತು ಲಾಪ್ಲಾಸ್ 19ನೆಯ ಶತಮಾನದ ಆರಂಭದಲ್ಲೇ ತಿಳಿಸಿದ ನಿಯಮ. ಕೊಳವೆಯೊಂದರ ಎರಡು ತುದಿಗಳಲ್ಲಿ ಒಂದು ಸಣ್ಣ, ಒಂದು ದೊಡ್ಡ ಸಾಬೂನಿನ ಗುಳ್ಳೆಯಿದ್ದರೆ ಬರಿದಾಗುವುದು ಸಣ್ಣದೇ. ಭ್ರೂಣದಲ್ಲೂ ಸಣ್ಣವುಗಳ ನೀರು ದೊಡ್ಡದಕ್ಕೆ ಹರಿದು, ಕೊನೆಗೆ ಒಂದೇ ಪೊಳ್ಳು ಉಳಿಯುತ್ತದೆ.

ನೋಡಿದಿರಾ, ಹುಟ್ಟುವ ಮೊದಲೇ ದೊಡ್ಡದು ಸಣ್ಣದನ್ನು ನುಂಗಿತು ಎಂದು ಯಾರಾದರೂ ಹೇಳಬಹುದು. ಆದರೆ ಗುಳ್ಳೆಗೆ ಹಸಿವಿಲ್ಲ, ಬರಿದಾದ ಗುಳ್ಳೆಗೆ ನೋವಿಲ್ಲ. ಗುಳ್ಳೆ ಬರಿದಾದ ಮಾತ್ರಕ್ಕೆ ಯಾವ ಕೋಶವೂ ಸಾಯುವುದಿಲ್ಲ. ಉಳಿದ ಪೊಳ್ಳು ಯಾವುದೇ ಒಂದು ಕೋಶದ ಆಸ್ತಿಯಲ್ಲ. ಅದರಿಂದಾಗಿ ಮುಂದೆ ಮಗುವಾಗಬೇಕಾದ ಕೋಶಗಳು ಒಂದು ಬದಿಗೆ ಸೇರಿ, ಇಡೀ ಭ್ರೂಣಕ್ಕೆ ಮೊದಲ ದಿಕ್ಕು ಸಿಗುತ್ತದೆ. ಪೊಳ್ಳು ಎಲ್ಲಿ ನಿಲ್ಲಬೇಕೆಂಬುದನ್ನೂ ಗಾತ್ರವೊಂದೇ ನಿರ್ಧರಿಸುವುದಿಲ್ಲ. ಕೋಶಗಳ ಅಂಟು ಸಡಿಲವಾಗಿರುವ ಕಡೆಗೆ ನೀರು ಸೇರುತ್ತದೆ.

ಹಾಗೆಂದು ಇದೇ ಕೋಶಗಳನ್ನು ತೋರಿಸಿ, ಸಹಬಾಳ್ವೆಯೇ ಪ್ರಕೃತಿಯ ನಿಯಮ ಎನ್ನುವುದೂ ಸುಲಭದ ದಾರಿಯೇ. ಕೋಶಕ್ಕೆ ದುರಾಸೆ ಗೊತ್ತಿಲ್ಲದ ಹಾಗೆ ಔದಾರ್ಯವೂ ಗೊತ್ತಿಲ್ಲ. ನೀರು ಹೇಗೆ ಹರಿಯುತ್ತದೆಂದು ವಿಜ್ಞಾನ ಹೇಳೀತು, ಯಾರ ಪಾಲು ಎಷ್ಟೆಂದು ಹೇಳದು.

ಒತ್ತಡ ಕಡಿಮೆಯಿರುವ ಕಡೆಗೆ ಹರಿಯುವ ನೀರಿನ ಈ ಗುಣ ನೆಲದೊಳಗೂ ಒಂದೇ. ಕೋಲಾರ ತಾಲ್ಲೂಕಿನ ಸುಗಟೂರಿನ ಕಡೆಯ ರೈತರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ ಅದು. ಹಿರಿಯರು ಕೆರೆಯ ಕೆಳಗೆ ಕೆರೆ ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಗದ್ದೆಗಳಿಗೆ ಸರದಿಯಂತೆ ನೀರು ಬಿಡಲು ನೀರುಗಂಟಿ ಇದ್ದ. ಆಮೇಲೆ ಕೊಳವೆಬಾವಿಗಳ ಕಾಲ ಬಂತು. ಒಬ್ಬ ಸಾವಿರ ಅಡಿಗೂ ಆಳಕ್ಕೆ ಕೊರೆಸಿ ಮೋಟಾರು ಇಳಿಸಿದರೆ, ಪಕ್ಕದವನ ಬಾವಿಯ ನೀರು ಅತ್ತ ಜಾರುತ್ತದೆ. ಇದರಲ್ಲಿ ನೀರಿನ ತಪ್ಪೇನೂ ಇಲ್ಲ. ಆದರೆ ಮೋಟಾರು ತಾನಾಗಿ ಇಳಿಯಲಿಲ್ಲ. ಇಳಿಸಿದ ಕೈಯೊಂದಿದೆ. ‘ಪ್ರಕೃತಿ ನಿಯಮ’ ಎಂಬ ಮಾತು ಆ ಕೈಯನ್ನು ಮರೆಮಾಡುತ್ತದೆ.

ಒಣಗುವ ಬೆಳೆಯನ್ನು ನೋಡಲಾರದೆ ಸಾಲ ಮಾಡಿ ಕೊರೆಸಿದವನನ್ನು ದುಷ್ಟನೆನ್ನಲಾದೀತೇ? ಆಗದು. ಅವನೂ ಭಯದಿಂದಲೇ ಕೊರೆಸಿದವನು. ಆದ್ದರಿಂದಲೇ ಒಬ್ಬೊಬ್ಬರ ಒಳ್ಳೆಯತನ ಸಾಲದು, ಎಲ್ಲರೂ ಒಪ್ಪಿ ನಡೆಯುವ ಕಟ್ಟಳೆ ಬೇಕು. ಅಂತರ್ಜಲದ ನಿಯಂತ್ರಣಕ್ಕೆ ಕರ್ನಾಟಕದಲ್ಲಿ 2011ರ ಕಾಯ್ದೆಯಿದೆ. 2018ರಿಂದ ಬೆಂಗಳೂರಿನ ಸಂಸ್ಕರಿತ ತ್ಯಾಜ್ಯನೀರು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆ ನೀರಿನ ಶುದ್ಧತೆಯ ಬಗ್ಗೆ ಚರ್ಚೆ ನಡೆದಿದೆ, ನಡೆಯಲೇಬೇಕು. ಅದರ ಜೊತೆಗೆ, ನೆಲಕ್ಕೆ ಇಂಗಿದ್ದು ಯಾರ ಹೊಲಕ್ಕೆ ಎಂಬ ಪ್ರಶ್ನೆಯೂ ಇದೆ. ಅದನ್ನು ಒತ್ತಡದ ನಿಯಮಕ್ಕೆ ಬಿಟ್ಟರೆ ಆಳದ ಕೊಳವೆಯೇ ಉತ್ತರ ಹೇಳುತ್ತದೆ.

ನೀರನ್ನು ನಾವು ನ್ಯಾಯ ಕೇಳಲಾಗದು. ಅದನ್ನು ಹಂಚಿಕೊಳ್ಳಬೇಕಾದ ನಾವು ಒಬ್ಬರನ್ನೊಬ್ಬರು ಕೇಳಬಹುದು, ಕೇಳಲೇಬೇಕು.