ಸರಿಮಾಡುವುದು, ಸರಿಹೋಗುವುದು

ಮನೆಗೆ ಸುಣ್ಣ ಹೊಡೆಸುವುದಕ್ಕೂ ಅಟ್ಟ ಇಳಿಸುವುದಕ್ಕೂ ಬಿಡಿಸಲಾಗದ ನಂಟು. 2023ರ ನವರಾತ್ರಿಗೆ ಮೊದಲು ಸಾಗರದ ನಮ್ಮ ತವರುಮನೆಯಲ್ಲೂ ಹಾಗೇ ಆಯಿತು. ತೂತುಬಿದ್ದ ತಪ್ಪಲೆ, ಬಾಯಿ ಒಡೆದ ಭರಣಿ, ಯಾರದೋ ಮದುವೆಯ ಬಾಸಿಂಗ ಎಲ್ಲ ಇಳಿದ ಮೇಲೆ ಅಪ್ಪನ ಟ್ರಂಕಿನ ತಳದಲ್ಲಿ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ್ದ ಗಂಟೊಂದು ಸಿಕ್ಕಿತು. ಬಿಚ್ಚುವ ಮೊದಲೇ ಅದೇನೆಂದು ನನಗೆ ಗೊತ್ತಾಯಿತು. ಅಪ್ಪನ ಕ್ಯಾಮೆರಾ.

“ಅದನ್ನ ಗುಜರಿಗೆ ಹಾಕೇ. ನಿನ್ನ ತಮ್ಮ ಹಾಳು ಮಾಡಿಟ್ಟಿದ್ದಲ್ಲವಾ ಅದು” ಎಂದಳು ಅಮ್ಮ.

ನಾನು ಮಾತಾಡಲಿಲ್ಲ. ಅದನ್ನು ಹಾಳು ಮಾಡಿದವನು ತಮ್ಮನಲ್ಲ, ನಾನು.

ಅದು ಆಗ್ಫಾ ಕ್ಲಿಕ್ ಥ್ರೀ. ಬರೋಡಾದಲ್ಲಿ ತಯಾರಾಗುತ್ತಿದ್ದ ಸಾಧಾರಣ ಕ್ಯಾಮೆರಾ. ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಚೌಕಾಕಾರದ ಕಪ್ಪುಬಿಳುಪು ಚಿತ್ರಗಳಿದ್ದರೆ ಅವೂ ಇಂಥದರಲ್ಲೇ ತೆಗೆದವಿರಬಹುದು. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಬಿಸಿಲಿಗೊಂದು ಗುರುತು, ಮೋಡಕ್ಕೊಂದು ಗುರುತು. ಬೆನ್ನಿನಲ್ಲೊಂದು ಪುಟ್ಟ ಕೆಂಪು ಕಿಟಕಿ. ಗುಂಡಿ ತಿರುಗಿಸಿದಂತೆ ಅದರಲ್ಲಿ ಒಂದು, ಎರಡು ಎಂದು ಅಂಕಿ ಮೂಡುತ್ತಿತ್ತು. ಅಪ್ಪ ಅದಕ್ಕೆ ಊಟಿಯ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಸುರುಳಿ ಹಾಕುತ್ತಿದ್ದರು. ಇಂದು ಎಂದರೆ ಚಂದ್ರನೆಂದು ತಿಳಿಯದ ನಾವು ‘ಇವತ್ತು’ ಎಂದೇ ಅರ್ಥಮಾಡಿಕೊಂಡಿದ್ದೆವು. ಆದರೆ ಹನ್ನೆರಡು ಚಿತ್ರ ಮುಗಿಯಲು ಯುಗಾದಿಯಿಂದ ದೀಪಾವಳಿಯವರೆಗೆ ಬೇಕಾಗುತ್ತಿದ್ದುದರಿಂದ ನಮ್ಮ ‘ಇಂದು’ ಬರುತ್ತಿದ್ದುದು ಆರು ತಿಂಗಳು ತಡವಾಗಿ.

1981ರ ದಸರಾ ರಜೆ. ನನಗೆ ಹನ್ನೊಂದು ವರ್ಷ. ನಮ್ಮ ಮನೆಯಲ್ಲಿ ಕ್ಯಾಮೆರಾ ಇದೆಯೆಂದರೆ ಪಕ್ಕದ ಮನೆಯ ಗೆಳತಿ ನಂಬಲೊಲ್ಲಳು. ಅಪ್ಪ ಕಚೇರಿಗೆ ಹೋದ ಹೊತ್ತಿನಲ್ಲಿ ಬೀರುವಿನಿಂದ ತೆಗೆದು ಜಗಲಿಗೆ ತಂದೆ. ಅದು ಕೈಜಾರಿ ಕಲ್ಲಿನ ಮೆಟ್ಟಿಲ ಮೇಲೆ ಬಿತ್ತು. ಹೊರಗೆ ಒಂದು ಗೀರೂ ಇಲ್ಲ. ಆದರೆ ಒತ್ತಿದರೆ ಟಕ್ಕೆನ್ನುವ ಶಬ್ದ ಮಾತ್ರ ಬರಲಿಲ್ಲ. ಲಂಗದಿಂದ ಒರೆಸಿ ಇದ್ದಲ್ಲೇ ಇಟ್ಟುಬಿಟ್ಟೆ.

ದೀಪಾವಳಿಯ ದಿನ ಅಪ್ಪನಿಗೆ ಗೊತ್ತಾಯಿತು. ಯಾರು ಮಾಡಿದ್ದೆಂದು ಯಾರೂ ಕೇಳಲೇ ಇಲ್ಲ. ಟಾರ್ಚು, ಸೈಕಲ್ ಬೆಲ್ಲು, ಅಲಾರಾಂ ಗಡಿಯಾರ ಎಂದು ಸಿಕ್ಕಿದ್ದನ್ನೆಲ್ಲ ಬಿಚ್ಚಿ ನೋಡುವ ಎಂಟು ವರ್ಷದ ತಮ್ಮ ಮನೆಯಲ್ಲಿದ್ದನಲ್ಲ! ಅಪ್ಪ ಹೊಡೆಯುವವರಲ್ಲ. “ಇವನ ಕೈಗೆ ಸಿಕ್ಕಿದ್ದು ಯಾವುದೂ ಉಳಿಯೋದಿಲ್ಲ” ಎಂದರು, ಅಷ್ಟೇ. ಅವನು ನಾನಲ್ಲ ನಾನಲ್ಲ ಎಂದು ಅತ್ತ. ನಾನು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡೆ.

ಆಮೇಲೆ ಅವನು ಏನನ್ನೂ ಬಿಚ್ಚಲಿಲ್ಲ. ಚೆನ್ನಾಗಿ ಓದಿ ಶಿವಮೊಗ್ಗದಲ್ಲಿ ಒಳ್ಳೆಯ ಕೆಲಸದಲ್ಲಿದ್ದಾನೆ. ಆದರೆ ಇವತ್ತಿಗೂ ಮನೆಯಲ್ಲಿ ಬಲ್ಬು ಬದಲಿಸುವ ಮಾತು ಬಂದರೆ ಸಾಕು, “ನನಗೆ ಹೇಳಬೇಡಿ ಮಾರಾಯ್ರೇ, ನನ್ನ ಕೈ ಸರಿಯಿಲ್ಲ” ಎಂದು ನಗುತ್ತಾನೆ. ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಅಡುಗೆಮನೆಯಲ್ಲಿ ಏನಾದರೂ ಕೆಲಸ ನೆನಪಾಗುತ್ತದೆ.

ಕ್ಯಾಮೆರಾವನ್ನು ಗುಜರಿಗೆ ಹಾಕಲಿಲ್ಲ. ಊರಿನ ಹಳೆಯ ಸ್ಟುಡಿಯೋ ಒಂದಕ್ಕೆ ಕೊಂಡೊಯ್ದೆ. ಅದರ ಮಾಲೀಕರು ಎಪ್ಪತ್ತು ದಾಟಿದವರು. ಮುಂಭಾಗದ ಸ್ಕ್ರೂಗಳನ್ನು ಬಿಚ್ಚಿ, ಭೂತಗನ್ನಡಿ ಹಿಡಿದು ನೋಡಿದರು. “ಬಿದ್ದಿದ್ದರಿಂದ ಆಗಿದ್ದು ಇಷ್ಟೇ ಮೇಡಂ. ಸ್ಪ್ರಿಂಗು ಕೊಕ್ಕೆಯಿಂದ ಕಳಚಿಕೊಂಡಿದೆ. ಆವತ್ತೇ ತಂದಿದ್ದರೆ ಹತ್ತು ನಿಮಿಷದ ಕೆಲಸ. ಉಳಿದದ್ದೆಲ್ಲ ಸುಮ್ಮನೆ ಇಟ್ಟಿದ್ದರಿಂದ ಆಗಿದ್ದು.”

ಉಳಿದದ್ದೆಂದರೆ, ಮಲೆನಾಡಿನ ನಲವತ್ತೆರಡು ಮಳೆಗಾಲ. ಬೆಳಕನ್ನು ಕ್ಷಣಮಾತ್ರ ಒಳಬಿಟ್ಟು ಮುಚ್ಚುವ ಷಟರಿನ ತಗಡು ಜಿಡ್ಡು, ತುಕ್ಕು, ಧೂಳಿನಿಂದ ಅಂಟಿ ಕೂತಿತ್ತು. ಲೆನ್ಸಿಗೆ ಜೇಡರ ಬಲೆಯಂತೆ ಬೂಷ್ಟು ಹಿಡಿದಿತ್ತು.

“ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಬಿಟ್ಟರೆ ಸಾಲದೇ?” ಎಂದೆ, ನನಗೆ ತಿಳಿದಷ್ಟು.

ಅವರು ಗಾಬರಿಯಾದರು. “ಅಯ್ಯೋ, ಎಣ್ಣೆ ಹಾಕಲೇಬಾರದು! ಒಂದೆರಡು ದಿನ ಜಾರಿದ ಹಾಗೆ ಕಾಣುತ್ತದೆ, ಆಮೇಲೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಇದನ್ನು ತೊಳೆದು ತೆಗೆಯಬೇಕು, ಒಣಗಿಸಬೇಕು.” ಲೈಟರಿಗೆ ಹಾಕುವ ಪೆಟ್ರೋಲಿನಲ್ಲಿ ಹತ್ತಿ ಅದ್ದಿ ತಗಡನ್ನು ಒರೆಸಿದರು, ಮತ್ತೆ ಮತ್ತೆ.

ಆ ಮಾತು ನನಗೆ ನಾಟಿತು. ಇಷ್ಟು ವರ್ಷ ನಾನು ಮಾಡಿದ್ದು ಎಣ್ಣೆ ಬಿಡುವ ಕೆಲಸವೇ. ತಮ್ಮನ ಫೀಸಿಗೆ ನನ್ನ ಮೊದಲ ಸಂಬಳ, ಅವನ ಮಗಳಿಗೆ ಬಂಗಾರದ ಓಲೆ, ಹಬ್ಬಕ್ಕೆ ಬಂದರೆ ಅವನಿಗಿಷ್ಟದ ಕಾಯಿಕಡುಬು. ಪ್ರೀತಿ ಸುಳ್ಳಲ್ಲ. ಆದರೆ ಹೇಳಬೇಕಾದ ಒಂದು ಮಾತನ್ನು ಹೇಳದೆ ಇರಲು ಆ ಪ್ರೀತಿಯನ್ನು ಬಳಸಿಕೊಂಡಿದ್ದೆ. ಎಲ್ಲ ಸಲೀಸಾಗಿ ಜಾರುತ್ತಿದೆ ಎಂದುಕೊಂಡಿದ್ದೆ. ಒಳಗೆ ಅಂಟು ಗಟ್ಟಿಯಾಗುತ್ತಿತ್ತು.

ಹೇಳಬೇಕೇ, ಬೇಡವೇ? ಅಪ್ಪ ತೀರಿಕೊಂಡು ವರ್ಷಗಳಾದವು. ತಮ್ಮನಿಗೆ ಆ ದಿನ ನೆನಪಿದೆಯೋ ಇಲ್ಲವೋ. ಈಗ ಹೇಳಿದರೆ ನನ್ನ ಎದೆ ಹಗುರಾದೀತು, ಅವನದು ಭಾರವಾದೀತು. ಅಂಥ ತಪ್ಪೊಪ್ಪಿಗೆಯೂ ಒಂದು ಸ್ವಾರ್ಥವೇ ಅಲ್ಲವೇ? ನಾವು ಹೆಂಗಸರು ಮನೆಯ ಸಮಾಧಾನಕ್ಕೆಂದು ಎಷ್ಟು ಮಾತುಗಳನ್ನು ನುಂಗುತ್ತೇವೆ! ಇದೂ ಅದರಲ್ಲೊಂದಾಗಲಿ ಎಂದೂ ಅನ್ನಿಸಿತು. ಆದರೆ ಯೋಚಿಸುತ್ತಾ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಅವನು ಘಟನೆಯನ್ನು ಮರೆತಿರಬಹುದು, ತೀರ್ಪನ್ನು ಮರೆತಿಲ್ಲ. ‘ನನ್ನ ಕೈ ಸರಿಯಿಲ್ಲ’ ಎನ್ನುವುದು ಆ ತೀರ್ಪೇ. ಅಂದರೆ ಅವನಿಗೆ ಸೇರಬೇಕಾದ ವಸ್ತುವೊಂದು ನನ್ನ ಹತ್ತಿರ ಉಳಿದುಬಿಟ್ಟಿದೆ. ಪರರ ವಸ್ತುವನ್ನು ಹಿಂದಿರುಗಿಸುವಾಗ ನನಗೆ ಹಗುರಾಗುತ್ತದೋ ಇಲ್ಲವೋ ಎಂಬ ಪ್ರಶ್ನೆಯೇ ಬರುವುದಿಲ್ಲ.

ವಾರದ ಮೇಲೆ ಕ್ಯಾಮೆರಾ ಟಕ್ಕೆಂದಿತು. ಲೆನ್ಸಿನ ಬೂಷ್ಟು ಹೋಗಿತ್ತು, ಆದರೆ ಅದು ಗಾಜನ್ನು ತಿಂದ ಒಂದು ಕಲೆ ಉಳಿದಿತ್ತು. “ಇದು ಹೋಗುವುದಿಲ್ಲ ಮೇಡಂ. ಚಿತ್ರ ಬರುತ್ತದೆ, ಸ್ವಲ್ಪ ಮಂಜು ಮಂಜಾಗಿ” ಎಂದರು. ಊಟಿಯ ಕಾರ್ಖಾನೆ ಈಗ ಇಲ್ಲ; ಇಂಗ್ಲೆಂಡಿನ ಇಲ್‌ಫೋರ್ಡ್ ಕಂಪನಿಯ ಸುರುಳಿ ಬೆಂಗಳೂರಿನಿಂದ ತರಿಸಿದರು. ಈಗಿನ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆಂದು ಆ ಪುಟ್ಟ ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿ, ಅಂಕಿ ನೋಡುವಾಗ ಮಾತ್ರ ನೆರಳಿನಲ್ಲಿ ಎತ್ತಿ ನೋಡಿ ಎಂದು ಹೇಳಿಕೊಟ್ಟರು.

ದೀಪಾವಳಿಗೆ ತಮ್ಮ ಬಂದ. ಜಗಲಿಯಲ್ಲಿ, ಅದೇ ಮೆಟ್ಟಿಲ ಬಳಿ, ಕ್ಯಾಮೆರಾ ಅವನ ಮುಂದೆ ಹಿಡಿದೆ. “ಬೇಡ ಅಕ್ಕಾ, ನನ್ನ ಕೈ...” ಎಂದು ಹಿಂದೆ ಸರಿದ.

“ನಿನ್ನ ಕೈಗೆ ಏನೂ ಆಗಿಲ್ಲ ಕಣೋ. ಇದನ್ನು ಬೀಳಿಸಿದ್ದು ನಾನು” ಎಂದೆ. ನೆಪ ಸೇರಿಸದೆ ಎಲ್ಲವನ್ನೂ ಹೇಳಿದೆ. ಅಮ್ಮ ಒಳಗಿನಿಂದ ಬಂದು ಹೊಸಿಲಲ್ಲೇ ನಿಂತಿದ್ದಳು.

ಅವನು ಬಹಳ ಹೊತ್ತು ಸುಮ್ಮನಿದ್ದ. ನಕ್ಕುಬಿಡುತ್ತಾನೆಂದು ನಾನು ಒಳಗೊಳಗೇ ಆಸೆಪಟ್ಟಿದ್ದೆ. ನಗಲಿಲ್ಲ. “ಅಪ್ಪ ಇದ್ದಾಗ ಹೇಳಬಹುದಿತ್ತಲ್ಲ ಅಕ್ಕಾ” ಎಂದ.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ನಮ್ಮ ಭಾಷೆಯಲ್ಲಿ ‘ಸರಿಮಾಡುವುದು’ ಬೇರೆ, ‘ಸರಿಹೋಗುವುದು’ ಬೇರೆ. ಮೊದಲನೆಯದು ನಮ್ಮ ಕೆಲಸ. ಎರಡನೆಯದು ನಮ್ಮ ಕೈಯಲ್ಲಿಲ್ಲ. ಆಗಬಹುದು, ಆಗದೆಯೂ ಇರಬಹುದು. ಆಗದಿರಬಹುದೆಂದು ಮೊದಲನೆಯದನ್ನು ಬಿಡುವಂತಿಲ್ಲ.

ಸಂಜೆಗೆ ಅವನೇ ಬಂದು ಕ್ಯಾಮೆರಾ ಕೈಗೆತ್ತಿಕೊಂಡ. ತಿರುಗಿಸಿ ಮುರುಗಿಸಿ ನೋಡಿ, “ಇದರ ಸ್ಪ್ರಿಂಗು ಎಲ್ಲಿ ಕೂರುತ್ತದೆ?” ಎಂದು ಕೇಳಿದ. ನನಗೆ ಸರಿಯಾಗಿ ಹೇಳಲು ಬರಲಿಲ್ಲ. ತುಳಸಿಕಟ್ಟೆಯ ಮುಂದೆ ಅಮ್ಮನನ್ನು ಕೂರಿಸಿ ಒಂದು ಚಿತ್ರ ತೆಗೆದ. ಅದು ಬಂದಿದೆ, ಒಂದು ಮೂಲೆ ಮಂಜು, ಅಮ್ಮನ ಮುಖ ಸ್ಪಷ್ಟ.

ಶಾಲೆಯಲ್ಲಿ ಏನಾದರೂ ಒಡೆದರೆ “ಯಾರು ಮಾಡಿದ್ದು?” ಎಂದು ಗದರಿ, ಮಾಮೂಲಿ ತುಂಟನ ಕಡೆ ನೋಡುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ಈಗ “ಏನಾಯಿತು?” ಎಂದು ಕೇಳಿ, ಯಾರ ಕಡೆಯೂ ನೋಡದೆ ಸ್ವಲ್ಪ ಕಾಯುತ್ತೇನೆ. ಒಮ್ಮೊಮ್ಮೆ ಹಿಂದಿನ ಬೆಂಚಿನಿಂದ, ಯಾರೂ ನಿರೀಕ್ಷಿಸದ ಮಗುವೊಂದು ಮೆಲ್ಲಗೆ ಏಳುತ್ತದೆ.