ಬಿಚ್ಚಿಟ್ಟವರನ್ನು ತಿರುಗಿ ಜೋಡಿಸುವ ದೇವರು

ವಾಕ್ಯಭಾಗ: ಅಪೊಸ್ತಲರ ಕೃತ್ಯಗಳು 13:13, 15:36-40, 2 ತಿಮೊಥೆಯ 4:11

 

ನಮ್ಮ ಸಭೆಯ ಒಬ್ಬ ಸಹೋದರನ ಮನೆಯಲ್ಲಿ ಅಜ್ಜನ ಕಾಲದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರುಂಟು. 1961ರಿಂದ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಗಾಡಿ. ಇಂಗ್ಲೆಂಡಿನ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಇದರದ್ದೇ ತಮ್ಮ. ಕಳೆದ ತಿಂಗಳು ಬೈಂದೂರಿನ ಒತ್ತಿನೆಣೆ ಏರಿನಲ್ಲಿ ಅದರ ಗೇರ್ ತನ್ನಷ್ಟಕ್ಕೇ ನ್ಯೂಟ್ರಲ್‌ಗೆ ಜಾರಿತು. ಇಂಜಿನ್ ಕೂಗ್ತದೆ, ಚಕ್ರ ತಿರುಗುವುದಿಲ್ಲ. ನಮ್ಮ ಕೆಲವರ ಹಾಗೆ! ಭಾನುವಾರ ಆರಾಧನೆಯಲ್ಲಿ ಸೌಂಡ್ ಜೋರು, ಸೋಮವಾರ ಆಫೀಸಿನಲ್ಲಿ ಗಾಡಿ ನಿಂತಲ್ಲೇ. ನಗಬೇಡಿ, ನನ್ನನ್ನೂ ಸೇರಿಸಿ ಹೇಳಿದ್ದು.

ಕುಂದಾಪುರದ ಗ್ಯಾರೇಜಿಗೆ ನಾನೂ ಜೊತೆಗೆ ಹೋಗಿದ್ದೆ. ಈ ಕಾರಿನ ಗೇರ್‌ಬಾಕ್ಸ್ ತೆಗೆಯುವುದು ಒಳಗಿನಿಂದಲೇ. ಸೀಟು ಎತ್ತಬೇಕು, ನಡುವಿನ ಕವರ್ ಬಿಚ್ಚಬೇಕು, ಆಮೇಲೆ ಪ್ರೊಪೆಲ್ಲರ್ ಶಾಫ್ಟ್ ಕಳಚಬೇಕು. ಮುಂದೆ ನಾಲ್ಕು ಬೋಲ್ಟು, ಹಿಂದೆ ನಾಲ್ಕು. ಬೋಲ್ಟಿಗೆ ಕೈ ಹಾಕುವ ಮೊದಲು ಮೇಸ್ತ್ರಿ ಎರಡು ಕೆಲಸ ಮಾಡಿದರು.

ಒಂದು, ಚಕ್ರಕ್ಕೆ ಕಲ್ಲು ಕೊಟ್ಟರು. ಯಾಕಂದ್ರೆ ಶಾಫ್ಟ್ ಬಿಚ್ಚಿದ ಮೇಲೆ ಗೇರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ, ಉರುಳಿ ಹೋಗ್ತದೆ.

ಎರಡು, ಶಾಫ್ಟಿನ ಫ್ಲಾಂಜಿಗೂ ಗೇರ್‌ಬಾಕ್ಸಿನ ಫ್ಲಾಂಜಿಗೂ ಸಮನಾಗಿ ಪಂಚಿನಿಂದ ಮಾರ್ಕ್ ಹೊಡೆದರು. ಯಾಕೆ ಅಂತ ಕೇಳಿದೆ. "ಹ್ವಾಯ್, ಗುರ್ತ ಹಾಕ್ದೆ ಬಿಚ್ಚುಕಾಗ. ವಾಪಾಸ್ ಕೂಡ್ಸುಕಿತ್ತಲ್ದಾ?" ಅಂದರು.

ಆ ಮಾತು ಮನೆವರೆಗೂ ನನ್ನ ಬೆನ್ನು ಬಿಡಲಿಲ್ಲ.

ಈಗ ವಾಕ್ಯಕ್ಕೆ ಬನ್ನಿ. ಮಾರ್ಕನೆಂಬ ಯೋಹಾನ. ಪೌಲ ಬಾರ್ನಬರ ಜೊತೆ ಹೊರಟವನು, ಪಂಫುಲ್ಯದ ಪೆರ್ಗೆಯಲ್ಲಿ ಅವರನ್ನು ಬಿಟ್ಟು ಯೆರೂಸಲೇಮಿಗೆ ಹಿಂತಿರುಗಿದ. ದಾರಿ ಮಧ್ಯದಲ್ಲಿ ಗೇರ್ ಜಾರಿತು! ಮುಂದಿನ ಪ್ರಯಾಣಕ್ಕೆ ಇವನು ಬೇಡ ಅಂದ ಪೌಲ. ಆ ಜಗಳದಲ್ಲಿ ಇಬ್ಬರು ದೇವರ ಸೇವಕರೇ ಬೇರೆಯಾದರು. ಆದರೆ ಬಾರ್ನಬ ಅವನನ್ನು ಕರಕೊಂಡು ಸೈಪ್ರಸ್‌ಗೆ ಹಡಗು ಹತ್ತಿದ. ಬಾರ್ನಬ ಯಾರು? ಚಕ್ರಕ್ಕೆ ಕೊಟ್ಟ ಕಲ್ಲು. ಉರುಳಿ ಹೋಗುವವನನ್ನು ತಡೆದು ನಿಲ್ಲಿಸಿದವನು. ಆಮೆನ್ ಹೇಳ್ತೀರಾ?

ವರ್ಷಗಳು ಕಳೆದವು. ಸೆರೆಮನೆಯಿಂದ ಅದೇ ಪೌಲ ತಿಮೊಥೆಯನಿಗೆ ಬರೆಯುತ್ತಾನೆ: ಮಾರ್ಕನನ್ನು ಕರಕೊಂಡು ಬಾ, ಸೇವೆಗೆ ಅವನು ನನಗೆ ಬೇಕಾದವನು ಎಂಬ ಅರ್ಥದಲ್ಲಿ. ಹಲ್ಲೆಲೂಯ! ಬೇಡ ಅಂದ ಬಾಯೇ ಬೇಕು ಅಂದಿತು. ಅವನ ಹೆಸರಿನ ಸುವಾರ್ತೆಯನ್ನು ನಾವು ಇವತ್ತಿಗೂ ಓದುತ್ತೇವೆ.

ಪ್ರಿಯರೇ, ಒಂದು ವಿಷಯ ಅರಿಕೆ ಮಾಡ್ತೇನೆ. ಎರಡು ವರ್ಷದ ಹಿಂದೆ ಕೀಬೋರ್ಡ್ ನುಡಿಸುತ್ತಿದ್ದ ಒಬ್ಬ ತಮ್ಮನನ್ನು ಸ್ವಲ್ಪ ದಿನ ಸೇವೆಯಿಂದ ದೂರ ಕೂರಿಸಿದೆ. ಅವನ ಜೀವಿತದಲ್ಲಿ ತಪ್ಪಿತ್ತು, ರಿಪೇರಿ ಬೇಕಿತ್ತು. ಅದು ಸರಿಯೇ. ಆದರೆ ನಾನು ಮಾರ್ಕ್ ಹಾಕಲಿಲ್ಲ. ನಿನ್ನ ಜಾಗ ಇದು, ಇಲ್ಲಿಗೇ ವಾಪಸ್ ಬರಬೇಕು ಅಂತ ಹೇಳಲಿಲ್ಲ. ಕಲ್ಲೂ ಕೊಡಲಿಲ್ಲ. ಅವನು ಬೆಂಗಳೂರಿಗೆ ಹೋದ. ನಾನು ಒಂದು ಫೋನೂ ಮಾಡಲಿಲ್ಲ. ಗ್ಯಾರೇಜಿನ ಮೂಲೆಯಲ್ಲಿ ತುಕ್ಕು ಹಿಡಿಯುವ ಶಾಫ್ಟಿನ ಹಾಗೆ ಬಿಟ್ಟುಬಿಟ್ಟೆ.

ಗ್ಯಾರೇಜಿನಿಂದ ಬಂದ ರಾತ್ರಿ ಫೋನ್ ಮಾಡಿದೆ. "ನನ್ನ ನಂಬರ್ ಇನ್ನೂ ಇಟ್ಟಿದ್ದೀರಾ ಅಣ್ಣಾ?" ಅಂತ ಕೇಳಿದ. ಕ್ಷಮೆ ಕೇಳಿದೆ. ಬರ್ತೇನೆ ಅಂತ ಅವನಿನ್ನೂ ಹೇಳಿಲ್ಲ. ಪ್ರಾರ್ಥನೆ ಮಾಡಿ.

ಇವತ್ತು ನೀನು ಬಿಚ್ಚಿಟ್ಟ ಸ್ಥಿತಿಯಲ್ಲಿದ್ದೀಯಾ? ಕೆಲಸ ಹೋಗಿರಬಹುದು, ಬಿದ್ದುಹೋಗಿರಬಹುದು, ಹಿಂದಿನ ಕುರ್ಚಿಯಲ್ಲಿ ಕೂತಿರಬಹುದು. ರಿಪೇರಿಗೆ ಒಪ್ಪಿಕೋ, ಅವಸರ ಮಾಡಬೇಡ. ನಿನ್ನ ಗುರುತು ಕರ್ತನ ಬಳಿ ಉಂಟು. ಯೆಶಾಯ 49:16 ಓದು, ಅದು ಆತನ ಅಂಗೈಯಲ್ಲೇ ಉಂಟು.

ಸರಿಯಾಗಿರುವವರು ಈ ವಾರ ಒಬ್ಬರಿಗೆ ಕಲ್ಲಾಗಿ. ಬ್ರಹ್ಮಾವರದಲ್ಲೋ ಬೆಂಗಳೂರಿನಲ್ಲೋ ಸಭೆಗೆ ಬಾರದೆ ಕೂತ ಒಬ್ಬರಿಗೆ ಫೋನ್ ಮಾಡಿ. ಉಪದೇಶ ಬೇಡ, ಊಟ ಆಯ್ತಾ ಅಂತ ಕೇಳಿ ಸಾಕು.

ಕಣ್ಣು ಮುಚ್ಚೋಣ. ತಂದೆಯೇ, ನಾವು ಮೂಲೆಯಲ್ಲಿ ಬಿಟ್ಟವರನ್ನು ನೀನು ಬಿಟ್ಟಿಲ್ಲ. ಅವರನ್ನು ತಿರುಗಿ ಜೋಡಿಸು, ನಮ್ಮನ್ನೂ ಆ ಕೆಲಸಕ್ಕೆ ಉಪಯೋಗಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.