ಕಿವಿ ಕೇಳದವರ ಧರ್ಮಾಧಿಕಾರ

ಧರ್ಮೋಪದೇಶವು ಕಿವಿಯ ಮಾರ್ಗವಾಗಿಯೇ ಅಂತಃಕರಣವನ್ನು ಪ್ರವೇಶಿಸಬೇಕೆಂಬ ನಿಯಮವುಂಟೆ? ವೇದಾಧ್ಯಯನವು ಗುರುಮುಖದಿಂದ ಕೇಳಿಯೇ ಆಗತಕ್ಕುದೆಂದು ನಮ್ಮ ಪೂರ್ವಿಕರು ಭಾವಿಸಿದರು; ಹುಟ್ಟುಕಿವುಡರಿಗೆ ದಾಯಭಾಗವಿಲ್ಲವೆಂದು ಮನುಸ್ಮೃತಿಯು ವಿಧಿಸಿತು; ಶ್ರದ್ಧೆಯು ಶ್ರವಣದಿಂದ ಹುಟ್ಟುವುದೆಂಬ ಸಂತ ಪೌಲನ ಮಾತು ಕ್ರೈಸ್ತರಲ್ಲಿಯೂ ಇಂಥದೇ ಸಂದೇಹಕ್ಕೆ ಎಡೆಗೊಟ್ಟಿತು. ಆದರೆ ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಅಬ್ಬೆ ದ ಲೆಪೆ ಎಂಬ ಪಾದ್ರಿಯು, ಕಿವಿ ಕೇಳದ ಇಬ್ಬರು ಸೋದರಿಯರು ಧರ್ಮಬೋಧೆಯಿಲ್ಲದೆ ಉಳಿದುಹೋಗುವರಲ್ಲಾ ಎಂದು ಮರುಗಿ, ಕಿವುಡರ ಕೈಸನ್ನೆಗಳನ್ನು ತಾನೇ ಅಭ್ಯಸಿಸಿ, ಅವುಗಳ ಮೂಲಕವೇ ಪಾಠ ಹೇಳಿ, ಅವರಿಗಾಗಿ ಶಾಲೆಯನ್ನು ಸ್ಥಾಪಿಸಿದನು. ಆದರೂ ಕಿವುಡರ ಶಿಕ್ಷಣವನ್ನು ಕುರಿತ 1880ರ ಮಿಲಾನ್ ಸಮ್ಮೇಳನವು ಸನ್ನೆಭಾಷೆಯನ್ನು ಪಾಠಶಾಲೆಗಳಿಂದ ಬಹಿಷ್ಕರಿಸಲೆಳಸಿತು. ಆ ಅನ್ಯಾಯಕ್ಕಾಗಿ ಅದೇ ವಿಷಯವನ್ನು ಕುರಿತ ವ್ಯಾಂಕೂವರಿನ ಸಮ್ಮೇಳನವು ವಿಷಾದ ಸೂಚಿಸಿದುದು 2010ರಲ್ಲಿ.

ಪರತತ್ತ್ವವು ವಾಕ್ಕಿಗೆ ಅಗೋಚರವೆಂದು ಉಪನಿಷತ್ತುಗಳೇ ಸಾರುತ್ತಿರುವಾಗ, ಜಗದ್ಗುರುವಾದ ದಕ್ಷಿಣಾಮೂರ್ತಿಯು ಮೌನದಿಂದಲೂ ಚಿನ್ಮುದ್ರೆಯಿಂದಲೂ ಋಷಿಗಳ ಸಂಶಯವನ್ನು ಪರಿಹರಿಸಿದನೆಂದು ನಾವು ನಂಬಿರುವಾಗ, ಶಿವಶರಣರು ಅನುಭಾವವನ್ನು ಜನರ ನುಡಿಯಾದ ಕನ್ನಡದಲ್ಲಿಯೇ ತೋಡಿಕೊಂಡಿರುವಾಗ, ಕೈಗಳಲ್ಲಿ ನುಡಿಯುವವರ ಭಾಷೆಯು ಜ್ಞಾನಕ್ಕೆ ಅಪಾತ್ರವೆನ್ನುವುದು ಯಾವ ನ್ಯಾಯ? ಭಾಷೆ ಯಾವುದಾದರೂ ಅರಿವು ಒಂದೇ. ಅದನ್ನು ಮುಟ್ಟಿಸುವ ಹೊಣೆ ಕೇಳುವವನದಲ್ಲ, ಹೇಳುವವನದು.

ಅಂಗವಿಕಲರ ಹಕ್ಕುಗಳನ್ನು ಕುರಿತ 2016ರ ಕಾಯಿದೆಯು ಸನ್ನೆಭಾಷೆಯನ್ನು ಸಂವಹನದ ಮಾಧ್ಯಮಗಳಲ್ಲಿ ಎಣಿಸಿದೆ. ಕಾಯಿದೆಯು ಒಪ್ಪಿದುದನ್ನು ಧರ್ಮವು ನಿರಾಕರಿಸುವುದು ಉಚಿತವಲ್ಲ. ಮಠ, ಮಂದಿರ, ಮಸೀದಿ, ಇಗರ್ಜಿಗಳ ಹಿರಿಯರು ತಮ್ಮ ಪ್ರವಚನವೇದಿಕೆಯ ಮೇಲೆ ಸನ್ನೆಭಾಷೆಯ ಅನುವಾದಕರಿಗೂ ಗೌರವದ ಸ್ಥಾನವನ್ನು ಕೊಡಲಿ.